ದೀಪವಿಲ್ಲದ ಕುಳ್ಳರು

ನಮ್ಮ ವಿಜ್ಞಾನದ ಮೇಷ್ಟ್ರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಸೀಳಿನೊಳಗೆ ಸದಾ ಸೀಮೆಸುಣ್ಣದ ಪುಡಿ ಕೂತಿರುತ್ತಿತ್ತು. ಕಿವಿ ಹಿಂಡುವಾಗ ಆ ಉಗುರನ್ನೇ ಊರುತ್ತಿದ್ದರು. ಮನೆಗೆ ಹೋದರೆ ಅವ್ವ ನನ್ನ ಕಿವಿಯ ಹಿಂದಿನ ಬಿಳಿ ಗೀರು ನೋಡಿ, "ಇವತ್ತು ವಿಗ್ನಾನ ಇತ್ತೇನೇ?" ಎನ್ನುತ್ತಿದ್ದಳು.

ಎಪ್ಪತ್ತರ ದಶಕದ ಮಾತು. ಕೊಡಿಗೇಹಳ್ಳಿಯಿಂದ ರೈಲು ಹಳಿಯ ಪಕ್ಕ ನಡೆದುಕೊಂಡು ನಾನು ಯಲಹಂಕದ ಹೈಸ್ಕೂಲಿಗೆ ಹೋಗುತ್ತಿದ್ದೆ. ಅಪ್ಪ, ಚಿಕ್ಕಪ್ಪ ಬಾವಿ ತೋಡುವವರು. ಹೆಬ್ಬಾಳದ ಕಡೆಯ ದ್ರಾಕ್ಷಿ ತೋಟಗಳಿಗೆ ನೀರು ಕೊಟ್ಟದ್ದು ಅವರ ಕೈ. ನಮ್ಮ ಮನೆತನದಲ್ಲಿ ಹೈಸ್ಕೂಲಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಅಪ್ಪನದೊಂದು ಷರತ್ತಿತ್ತು. "ಎಸ್ಸೆಸ್ಸೆಲ್ಸಿ ಒಂದ್ಸಲ ಬರಿ. ಪಾಸಾದ್ರೆ ಓದು, ಬ್ಯಾಡ ಅನ್ನಾಕಿಲ್ಲ. ಪೇಲಾದ್ರೆ ಕನ್ನಡಿ ಇಡ್ಕೊಂಡು ನಿಂತ್ಕೋ."

ಬಾವಿ ಆಳವಾದಂತೆ ಬಿಸಿಲು ತಳ ಮುಟ್ಟುವುದಿಲ್ಲ. ಆಗ ಮನೆಯ ಹೆಂಗಸೊಬ್ಬಳು ಮೇಲೆ ನಿಂತು ಕನ್ನಡಿಯಿಂದ ಬಿಸಿಲನ್ನು ಒಳಗೆ ತಿರುಗಿಸಬೇಕು. ಸೂರ್ಯ ಜರುಗಿದಂತೆ ಅವಳೂ ಜರುಗಬೇಕು. ಅವ್ವ ಮದುವೆಯಾದಂದಿನಿಂದ ಅದೇ ಕೆಲಸ ಮಾಡಿದ್ದಳು. ಅವಳ ಒಂದು ಕಣ್ಣು ಯಾವಾಗಲೂ ನೀರಾಡುತ್ತಿತ್ತು.

ಇನ್ನು ನಾನು ಕುಳ್ಳಿ. ಈಗಲೂ ಬಸ್ಸಿನ ಮೇಲಿನ ಕಂಬಿ ನನ್ನ ಕೈಗೆ ಸಿಗುವುದಿಲ್ಲ. ಮೇಷ್ಟ್ರು ಹಾಜರಿಯಲ್ಲಿ ಬಿಟ್ಟರೆ ಬೇರೆಲ್ಲೂ ನನ್ನ ಹೆಸರು ಹಿಡಿದು ಕೂಗಿದವರಲ್ಲ.

ಒಂದು ದಿನ ಹುಡುಗನೊಬ್ಬ ಮೇಜಿನ ಕೆಳಗಿಟ್ಟುಕೊಂಡು ನೋಡುತ್ತಿದ್ದ ಇಂಗ್ಲಿಷ್ ಚಿತ್ರದ ಪುಸ್ತಕವನ್ನು ಅವರು ಕಿತ್ತುಕೊಂಡರು. ಹರಿಯಬಹುದು ಅಂದುಕೊಂಡೆವು. ಹರಿಯಲಿಲ್ಲ. ಪುಟ ತೆರೆದು ನಮ್ಮ ಕಡೆ ಹಿಡಿದರು. ಗಡ್ಡದ ಕುಳ್ಳರು ಗುಹೆಯೊಳಗೆ ಚಿನ್ನ ಅಗೆಯುತ್ತಿದ್ದರು.

"ನೋಡ್ರೋ. ಒಬ್ಬನ ಕೈಯಲ್ಲೂ ದೀಪ ಇಲ್ಲ. ಹೆಂಗೆ ಕಾಣುತ್ತೆ ಇವರಿಗೆ?"

"ಬೆಕ್ಕಿನ ಕಣ್ಣು ಸಾರ್."

"ಬೆಕ್ಕಿಗೂ ಚೂರು ಬೆಳಕು ಬೇಕು ಕಣೋ ಪೆದ್ದ. ನೆಲದೊಳಗೆ ಯಾರು ಕೊಡ್ತಾರೆ?"

"ಬಾವಲಿ ಥರ ಕಿರುಚ್ತಾರೆ ಸಾರ್. ಸದ್ದು ವಾಪಸ್ ಬರುತ್ತೆ."

"ನಿಮ್ಮಜ್ಜಿ ದಿನಾ ಕಿರುಚ್ತಾರಲ್ಲ, ಅವರಿಗೇನು ಕಂಡಿದೆ?"

"ಹಾವಿನ ಥರ ಮೈಬಿಸಿಯಿಂದ ಗೊತ್ತು ಮಾಡ್ಕೋತಾರೆ ಸಾರ್."

"ಬಂಡೆ ತಣ್ಣಗಿರುತ್ತೆ. ತಲೆ ಚಚ್ಕೋತಾರೆ." ಆಮೇಲೆ ನನ್ನ ಕಡೆ ತಿರುಗಿದರು. "ನೀನು ಹೇಳೇ ಕುಳ್ಳಿ. ನಿಮ್ಮೋರ ಸಮಾಚಾರ ನಿನಗೇ ಗೊತ್ತಿರ್ಬೇಕು."

ಹುಡುಗರು ನಕ್ಕರು. ನಾನು ಅಪ್ಪ ಮಾಡುವುದನ್ನು ಹೇಳಿದೆ. ತಳಕ್ಕೆ ಇಳಿದ ಕೂಡಲೇ ಕಣ್ಣು ಮುಚ್ಚಿ ಕೂರುತ್ತಾರೆ. ಬಾಯಲ್ಲಿರುವ ಎಲೆ ಅಡಿಕೆ ಮುಗಿದ ಮೇಲೆ ಕಣ್ಣು ಬಿಡುತ್ತಾರೆ. ಆಗ ಕಾಣುತ್ತದೆ.

"ಬಾ," ಎಂದರು.

ಪ್ರಯೋಗದ ಸಾಮಾನಿಡುವ ಕೋಣೆಯ ಕಿಟಕಿಗೆ, ಬೆಳಕಿನ ಪಾಠಕ್ಕೆಂದು, ಕಪ್ಪು ಕಾಗದ ಅಂಟಿಸಿದ್ದರು. ನನ್ನನ್ನು ಒಳಗೆ ತಳ್ಳಿ ಚಿಲಕ ಹಾಕಿದರು. "ಕಣ್ಣು ಮುಚ್ಕೋ. ಎಲೆ ಅಡಿಕೆ ಮುಗೀತು ಅಂದ್ಕೊಂಡು ಬಿಡು." ಸ್ವಲ್ಪ ಹೊತ್ತಾದ ಮೇಲೆ ಕೇಳಿದರು. "ಏನು ಕಾಣುತ್ತೆ?"

"ಏನೂ ಇಲ್ಲ ಸಾರ್."

"ಹಿಂದಿನ ಬೆಂಚಿಗೆ ಕೇಳ್ಲಿಲ್ಲ."

"ಏನೂ ಕಾಣಲ್ಲ ಸಾರ್."

"ಬರ್ಕೊಳ್ರೋ. ಬೆಳಕಿಲ್ಲದೆ ನೋಟವಿಲ್ಲ." ಬೋರ್ಡಿನ ಮೇಲೆ ಸೀಮೆಸುಣ್ಣ ಕಿರಗುಟ್ಟಿದ್ದು ನನಗೆ ಕೇಳಿಸಿತು. ಗಂಟೆ ಹೊಡೆಯುವವರೆಗೂ ಚಿಲಕ ತೆಗೆಯಲಿಲ್ಲ.

ಅವರು ಹೇಳಿದ್ದು ಸರಿಯೇ. ಬಾವಿಯಲ್ಲಿ ಕನ್ನಡಿಯ ಬೆಳಕಿರುತ್ತದೆ, ಆ ಕೋಣೆಯಲ್ಲಿ ಅದೂ ಇರಲಿಲ್ಲ. ಆದರೆ ಅವರಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಮುಂದಿನ ಭಾನುವಾರ ಅಪ್ಪ ತೋಡುತ್ತಿದ್ದ ಬಾವಿಯ ಹತ್ತಿರ ಬಂದು, ತಮ್ಮನ್ನೂ ಇಳಿಸಿ ಎಂದರು. ಅವ್ವನಿಗೆ ಜ್ವರ. ಕನ್ನಡಿ ನನ್ನ ಕೈಯಲ್ಲಿತ್ತು. ಚಿಕ್ಕಪ್ಪ ಹಗ್ಗ ಬಿಟ್ಟ. ಮೇಷ್ಟ್ರು ಪಂಚೆ ಎತ್ತಿಕಟ್ಟಿ ಅಪ್ಪನ ಜೊತೆ ಇಳಿದರು. ತಳದ ಮಾತೆಲ್ಲ ಕೊಳವೆಯಲ್ಲಿ ಬಂದಂತೆ ಮೇಲಕ್ಕೆ ಬರುತ್ತಿತ್ತು.

"ಈಗ ಕಣ್ಬುಡಿ ಮೇಷ್ಟ್ರೇ. ಎದುರುಗೆ ಆರೆ ಐತೆ, ಎತ್ಕಳಿ."

"ಎಲ್ಲಿ?"

"ನಿಮ್ ಕಾಲತ್ರಾನೇ."

"ಎಲ್ಲಿ?"

ಹಾರೆಗೆ ಕಾಲು ತಾಗಿ ಅವರು ಬಿದ್ದ ಸದ್ದು ಕೇಳಿತು. ಅದರ ಹಿಂದೆಯೇ ಅಪ್ಪನ ನಗು. "ಲೇ, ಮೇಷ್ಟ್ರಿಗೆ ಇರುಳುಗಣ್ಣು ಕಣ್ರಲಾ." ಚಿಕ್ಕಪ್ಪ ಎಷ್ಟು ನಕ್ಕನೆಂದರೆ ಕೈಯಲ್ಲಿದ್ದ ಹಗ್ಗ ಕುಣಿಯಿತು. ತೋಟದ ಕೂಲಿಯವರೂ ಬಂದು ನಕ್ಕರು.

ಮೇಲೆ ಬಂದಾಗ ಮೇಷ್ಟ್ರ ಎರಡೂ ಮೊಣಕಾಲು ತರಚಿತ್ತು. ನನ್ನ ಮುಂದೆ ನಿಂತು, "ನೀನು ಕನ್ನಡಿ ಸರಿಯಾಗಿ ಹಿಡೀಲಿಲ್ಲ," ಎಂದರು. ನಾನು ಸರಿಯಾಗಿಯೇ ಹಿಡಿದಿದ್ದೆ. ಅವರಿಗೂ ಅದು ಗೊತ್ತಿತ್ತು. ಮುಸ್ಸಂಜೆಗೆ ಮುಂಚೆ ಅವರು ಶಾಲೆ ಬಿಟ್ಟು ಓಡುತ್ತಿದ್ದುದು ಯಾಕೆ, ಮೋಡ ಕವಿದ ದಿನ ಗೋಡೆ ಸವರಿಕೊಂಡು ನಡೆಯುತ್ತಿದ್ದುದು ಯಾಕೆ ಎಂದು ನನಗೆ ಆಗ ತಿಳಿಯಿತು.

ಸೋಮವಾರದ ಹೊತ್ತಿಗೆ ಸುದ್ದಿ ಶಾಲೆಯನ್ನೂ ತಲುಪಿತ್ತು. ಯಾರೋ ಬೋರ್ಡಿನ ಮೇಲೆ ಕಣ್ಣಿಲ್ಲದ ಗಡ್ಡದ ಕುಳ್ಳನನ್ನು ಬರೆದಿದ್ದರು. ಮೇಷ್ಟ್ರು ಅದನ್ನು ಒರೆಸಿ, "ಕುಳ್ಳಿ, ಸಾಯಂಕಾಲ ನಿಲ್ಲು," ಎಂದರು.

ಅಂದಿನಿಂದ ಪರೀಕ್ಷೆಯವರೆಗೆ, ಶಾಲೆ ಬಿಟ್ಟ ಮೇಲೆ ಹೊತ್ತು ಇಳಿಯುವ ತನಕ ನನಗೆ ಆ ಕತ್ತಲ ಕೋಣೆಯೇ ಗತಿಯಾಯಿತು. ಅವರು ಹೊರಗೆ ಸ್ಟೂಲು ಹಾಕಿಕೊಂಡು ಕೂರುವರು. "ಕುಳ್ಳರು ಕತ್ತಲಲ್ಲೇ ಓದೋದು. ಶುರು ಮಾಡು." ಪಾಠದ ಮೊದಲ ಸಾಲಿನಿಂದ ಬಾಯಿಪಾಠ ಒಪ್ಪಿಸಬೇಕು. ಒಂದು ಪದ ತಪ್ಪಿದರೆ ಮತ್ತೆ ಮೊದಲಿನಿಂದ. ಸ್ಲೇಟಿನ ಮೇಲೆ ಕಣ್ಣಿನ ಚಿತ್ರ ಬರೆದು ಬಾಗಿಲ ಸಂದಿಯಿಂದ ಹೊರಗೆ ಕೊಡಬೇಕು. ಸರಿಯಿಲ್ಲದಿದ್ದರೆ ಉಗುಳು ಹಚ್ಚಿ ಅಳಿಸಿ ವಾಪಸ್ಸು ತಳ್ಳುವರು. ಅತ್ತರೆ, "ಅಳು. ಕತ್ತಲಲ್ಲಿ ಯಾರಿಗೂ ಕಾಣಲ್ಲ," ಎನ್ನುವರು. ಜವಾನ ಒಮ್ಮೆ ಬೇಡವೆಂದಿದ್ದಕ್ಕೆ ಅವನಿಗೂ ಬೈಗುಳ ಬಿತ್ತು.

ಒಂದು ಸಂಜೆ ನಾನು, "ನಾಳೆಯಿಂದ ಬರಲ್ಲ ಸಾರ್," ಎಂದೆ.

"ಬರ್ಬೇಡ. ಕನ್ನಡಿ ಕಾಯ್ತಾ ಇದೆಯಂತಲ್ಲ, ನಿಮ್ಮಪ್ಪ ಹೇಳಿದ."

ಮಾರನೆಯ ದಿನವೂ ಹೋದೆ.

ಅದು ಸೇಡೋ, ಪಾಠವೋ ಎಂದು ನನ್ನ ಮಕ್ಕಳು ಕೇಳುತ್ತಾರೆ. ಸೇಡೇ. ನನಗೆ ಅನುಮಾನವಿಲ್ಲ. ಆದರೆ ಪರೀಕ್ಷೆಯ ದಿನ ಕಣ್ಣು ಮುಚ್ಚಿದರೆ ಇಡೀ ಪುಸ್ತಕ ಪುಟಪುಟವಾಗಿ ಕಾಣುತ್ತಿತ್ತು. ಫಸ್ಟ್ ಕ್ಲಾಸ್ ಬಂತು. ಅಂಕಪಟ್ಟಿ ತೋರಿಸಲು ಹೋದರೆ, "ಇನ್ನೂ ಬರಬೇಕಿತ್ತು," ಎಂದು ಮುಖ ತಿರುಗಿಸಿದರು. ಅಪ್ಪ ಕನ್ನಡಿಯ ಮಾತೆತ್ತಲಿಲ್ಲ.

ಬಿ.ಎಸ್ಸಿ. ಮುಗಿಸಿ ಪದವಿ ಪತ್ರ ಕೈಗೆ ಬಂದಾಗ ಎಂಬತ್ತರ ದಶಕ ಹುಟ್ಟಿತ್ತು. ಮೇಷ್ಟ್ರು ಆರ್.ಟಿ. ನಗರದಲ್ಲಿ ಮಗನ ಮನೆಯಲ್ಲಿದ್ದರು. ಇರುಳಿನ ಕುರುಡು ಹಗಲಿಗೂ ಹಬ್ಬಿತ್ತು. ಬೀದಿ ಕಡೆಯ ಕೋಣೆಯಲ್ಲಿ ಬೆತ್ತದ ಕುರ್ಚಿಯ ಮೇಲೆ ಕೂತಿದ್ದರು.

"ಯಾರು?"

"ಕುಳ್ಳಿ ಸಾರ್."

ಕೈ ಚಾಚಿ ನನ್ನ ತಲೆ ಎಲ್ಲಿದೆ ಎಂದು ನೋಡಿದರು. "ಬೆಳೀಲೇ ಇಲ್ವಲ್ಲೇ."

ಪದವಿ ಪತ್ರ ಕೊಟ್ಟೆ. ಸೀಳಿದ ಉಗುರನ್ನು ಅಂಚಿನ ಉದ್ದಕ್ಕೂ ಎಳೆದರು. "ದಪ್ಪ ಕಾಗದ. ಇಟ್ಕೋ." ನನಗೆ ನೀರು ಕೊಡಲು ಎದ್ದು, ಕಣ್ಣಿದ್ದವರ ಹಾಗೆ ನೆಟ್ಟಗೆ ಮೂಲೆಯ ಹೂಜಿಯ ಹತ್ತಿರ ಹೋದರು. ಅಷ್ಟರಲ್ಲಿ ಸೊಸೆ ಕಸ ಗುಡಿಸಲು ಬಂದು ಕುರ್ಚಿಯನ್ನು ಕಾಲಿನಿಂದ ಅತ್ತ ಸರಿಸಿದಳು. ನಾನು ಬಾಯಿ ತೆರೆಯುವ ಮುಂಚೆಯೇ ಮೇಷ್ಟ್ರು ಲೋಟ ನನ್ನ ಕೈಗಿಟ್ಟು, ಹಿಂದೆ ಸರಿದು, ಕುರ್ಚಿಯಿಲ್ಲದ ಕಡೆ ಕೂತು ನೆಲಕ್ಕೆ ಬಿದ್ದರು.

"ಇಲ್ಲೇ ಇದೆಯಲ್ಲ ಮಾವ, ಕಾಣಲ್ವಾ?" ಎಂದು ಸೊಸೆ ನಕ್ಕಳು. ದಿನದ ಆಟದಂತಿತ್ತು ಅದು. ಬಾಗಿಲಲ್ಲಿದ್ದ ಮೊಮ್ಮಗಳೂ ನಕ್ಕಳು.

ನಾನು ಎಬ್ಬಿಸಿ ಕೂರಿಸಿದೆ. ಪಂಚೆ ಕೊಡವಿಕೊಂಡು, ಸೊಸೆ ಆಚೆ ಹೋದ ಮೇಲೆ ಮೆಲ್ಲಗೆ ಹೇಳಿದರು. "ಆ ಕುಳ್ಳರಿಗೆ ಹೆಂಗೆ ಕಾಣುತ್ತೆ ಅಂತ ಈಗ ಗೊತ್ತಾಯ್ತು ಕಣೇ."

"ಹೆಂಗೆ ಸಾರ್?"

"ಅವರ ಗುಹೇಲಿ ಯಾರೂ ಸಾಮಾನು ಜರುಗಿಸಲ್ಲ."

ಕ್ಷಮೆ ಕೇಳಿಯಾರು ಎಂದು ಒಂದು ಕ್ಷಣ ಕಾದೆ. ಕೇಳಲಿಲ್ಲ. "ಕಣ್ಣಿನ ಪಾಠ ಒಪ್ಪಿಸು ನೋಡೋಣ," ಎಂದರು. ಒಪ್ಪಿಸಿದೆ. ಒಂದು ಕಡೆ ತಡವರಿಸಿದೆ. "ಮೊದಲಿಂದ," ಎಂದರು.

ಕೆಲವು ವರ್ಷಗಳ ಮೇಲೆ ಅವರು ಹೋದ ಸುದ್ದಿ ಬಂತು. ಆಗ ನಾನೂ ವಿಜ್ಞಾನದ ಟೀಚರ್. ಶಾಲೆಯಿಂದ ನೇರ ಹೋದೆ. ಅಂಗಳದಲ್ಲಿ ಬಂದವರು ಕೂರಲೆಂದು ಮನೆಯ ಕುರ್ಚಿಗಳನ್ನೆಲ್ಲ ಹಾಕಿದ್ದರು. ಬೆತ್ತದ ಕುರ್ಚಿಯ ಮೇಲೆ ಯಾರದೋ ಚಪ್ಪಲಿಯ ಚೀಲವಿತ್ತು. ಅದನ್ನು ಕೆಳಗಿಟ್ಟು, ಕುರ್ಚಿ ಎತ್ತಿಕೊಂಡು ಕೋಣೆಗೆ ಹೋದೆ. ಕೆಂಪು ನೆಲದ ಮೇಲೆ ಅದರ ಕಾಲುಗಳು ಸವೆಸಿದ ಗುಳಿಗಳಿದ್ದವು. ಅವುಗಳಲ್ಲೇ ಕೂರಿಸಿದೆ.

"ಇನ್ಯಾಕಮ್ಮ ಅದು ಅಲ್ಲಿ?" ಎಂದಳು ಸೊಸೆ. "ನಾಳೆ ಗುಜರಿಯೋನು ಬರ್ತಾನೆ."

"ಬರ್ಲಿ," ಎಂದೆ. "ಇವತ್ತು ಮುಟ್ಬೇಡಿ."