ಆರು ಚಮಚ ಉಪ್ಪು

ನಮ್ಮ ಅಕ್ಕನಿಗೆ ಅಚ್ಚುಕೂಟದಲ್ಲಿ ಇಟ್ಟ ಹೆಸರು ಓದಕ್ಕ. ಮನೆಯಲ್ಲೂ ಅದೇ ನಿಂತುಬಿಟ್ಟಿತು. ಇಪ್ಪತ್ತಾರು ವರ್ಷ ಅವಳು ಮಾಡಿದ್ದು ಅದೊಂದೇ ಕೆಲಸ, ಗಟ್ಟಿಯಾಗಿ ಓದುವುದು. ನಗಬೇಡ, ಬರೆದುಕೋ. ಅದೂ ಒಂದು ಕೆಲಸವೇ. ಪುಸ್ತಕ ಬರೆದವರು ಕೊಟ್ಟ ಪ್ರತಿ ಅಕ್ಕನ ಕೈಯಲ್ಲಿ. ಅದನ್ನು ನೋಡಿ ಅಚ್ಚಿನ ಮೊಳೆ ಜೋಡಿಸಿ ತೆಗೆದ ಕರಡು ಹಾಳೆ ಎದುರಿಗೆ ಕೂತವರ ಕೈಯಲ್ಲಿ. ಅಕ್ಕ ಓದುತ್ತಾ ಹೋಗಬೇಕು, ಅವರು ಕೆಂಪು ಪೆನ್ಸಿಲ್ ಹಿಡಿದು ಹಿಂದೆ ಹಿಂದೆ ಬರಬೇಕು. ಕಿವಿಗೆ ಬಿದ್ದದ್ದು ಕಣ್ಣಿಗೆ ಕಾಣದಿದ್ದರೆ ಅಲ್ಲೊಂದು ಗೆರೆ.

ಆ ಎದುರಿನವರನ್ನು ನಾವೆಲ್ಲ ಪೆನ್ಸಿಲ್ ಮಾಮ ಎನ್ನುತ್ತಿದ್ದೆವು. ಒಳ್ಳೆಯ ಮನುಷ್ಯ. ಕಡ್ಡಿ ಪೈಲ್ವಾನ. ಕಿವಿಯ ಹಿಂದೆ ಒಂದು ಪೆನ್ಸಿಲ್, ಜೇಬಲ್ಲಿ ಎರಡು, ಕೈಯಲ್ಲಿ ಒಂದು. ಇಷ್ಟಿದ್ದೂ ದಿನಕ್ಕೆರಡು ಸಲ 'ನನ್ನ ಪೆನ್ಸಿಲ್ ಯಾರು ತಗೊಂಡ್ರೀ?' ಎಂದು ಹುಡುಕುತ್ತಿದ್ದರು. ಇಬ್ಬರಿಗೂ ಸೇರಿ ಗಾಜಿನ ಒಂದು ಗೂಡು. ಮೇಜು ಒಂದು, ಕುರ್ಚಿ ಎರಡು. ಫ್ಯಾನು ಇತ್ತು, ಹಾಕುವಂತಿರಲಿಲ್ಲ, ಹಾಳೆ ಹಾರುತ್ತವೆ. ನಾನು ಒಮ್ಮೆ ಅಕ್ಕ ಮರೆತುಬಂದ ಕೊಡೆ ಕೊಡಲು ಹೋದಾಗ ಕೇಳಿಸಿಕೊಂಡಿದ್ದೇನೆ. 'ನೀರು ಕಾಮಾ ಗಾಳಿ ಕಾಮಾ ಬೆಳಕು ಇವು ಮೂರೂ ಅಗತ್ಯ ಫುಲ್‌ಸ್ಟಾಪ್ ಹೊಸ ಪ್ಯಾರಾ.' ಏರಿಲ್ಲ, ಇಳಿವಿಲ್ಲ. ಬಾವಿಯ ರಾಟೆ ತಿರುಗಿದ ಹಾಗೆ.

ಮೊದಲಿಗೆ ಅವಳು ಹೀಗೆ ಓದುತ್ತಿರಲಿಲ್ಲ. ಸೇರಿದ ಹೊಸದರಲ್ಲಿ ಕತೆ ಹೇಳುವವಳ ಹಾಗೆ ರಾಗವಾಗಿ ಓದುತ್ತಿದ್ದಳು. ಆಮೇಲೆ ಬಾವಲಿಯ ಪ್ರಕರಣ ಆಯಿತು. ಐದನೇ ಕ್ಲಾಸಿನ ಪಾಠದಲ್ಲಿ ಬರೆದವರು 'ಬಾವಲಿ ಹಕ್ಕಿಗಳ ಗುಂಪಿಗೆ ಸೇರುವುದಿಲ್ಲ' ಎಂದು ಕೊಟ್ಟಿದ್ದರು. ಮೊಳೆ ಜೋಡಿಸುವವನಿಗೆ ಬಾವಲಿ ಹಕ್ಕಿ ಅಂತಲೇ ಗೊತ್ತು, 'ಸೇರುತ್ತದೆ' ಎಂದು ಜೋಡಿಸಿದ. ನಮ್ಮ ಅಕ್ಕನಿಗೂ ಅದೇ ಗೊತ್ತು. ರೆಕ್ಕೆ ಇದೆ, ಹಾರುತ್ತದೆ, ಇನ್ನೇನು? ಪ್ರತಿಯಲ್ಲಿ ಏನೇ ಇರಲಿ, ಅವಳ ನಾಲಿಗೆಗೂ 'ಸೇರುತ್ತದೆ' ಎಂದೇ ಬಂತು. ಪೆನ್ಸಿಲ್ ಮಾಮನ ಕಿವಿಗೂ ಕಣ್ಣಿಗೂ ಲೆಕ್ಕ ಸರಿಹೋಯಿತು. ಒಬ್ಬರಾದರೂ ಬೇರೆ ತಿಳಿದವರು ಇದ್ದಿದ್ದರೆ ಸಿಕ್ಕಿಬೀಳುತ್ತಿತ್ತು. ಎಲ್ಲರ ತಲೆಯಲ್ಲೂ ಒಂದೇ ಇದ್ದರೆ ತಪ್ಪು ಎದುರಿಗೇ ಕೂತಿದ್ದರೂ ಕಾಣುವುದಿಲ್ಲ.

ಆ ವರ್ಷ ನನ್ನ ನಾದಿನಿಯ ಮಗಳು ಐದನೇ ಕ್ಲಾಸು. ಅವರಪ್ಪ ಹೇಳಿಕೊಟ್ಟಂತೆ ಹಕ್ಕಿಯಲ್ಲ ಎಂದು ಬರೆದಳು, ಮೇಷ್ಟ್ರು ತಪ್ಪು ಹಾಕಿದರು. ಅಪ್ಪ ಶಾಲೆಗೆ ಹೋಗಿ ಜಗಳಕ್ಕೆ ನಿಂತ.

'ಸ್ವಾಮಿ, ನಂಗೂ ಬಾವಲಿಗೂ ಏನು ದ್ವೇಷ?' ಅಂದರಂತೆ ಮೇಷ್ಟ್ರು. 'ಪುಸ್ತಕದಲ್ಲಿ ಹಕ್ಕಿ ಅಂತಿದೆ. ಮುಂದಿನ ವರ್ಷ ಮೀನು ಅಂತ ಬಂದ್ರೆ ಮೀನಿಗೇ ಮಾರ್ಕ್ಸ್ ಕೊಡ್ತೀನಿ.'

ಅಕ್ಕನಿಗೆ ಮ್ಯಾನೇಜರು ಕಾಗದದಲ್ಲಿ ಎಚ್ಚರಿಕೆ ಕೊಟ್ಟರು. ಪೆನ್ಸಿಲ್ ಮಾಮ ಮಾತ್ರ ಬೈಯಲಿಲ್ಲ. 'ನೋಡಮ್ಮಾ, ಅರ್ಥ ಮಾಡ್ಕೋಬೇಡ. ನಿಂಗೆ ಗೊತ್ತಿರೋದನ್ನ ಬಾಗಿಲ ಹೊರಗೆ ಚಪ್ಪಲಿ ಜೊತೆ ಬಿಟ್ಟು ಬಾ. ಪ್ರತಿ ಏನು ಹೇಳುತ್ತೋ ಅದು' ಅಂದರು. ಅಕ್ಕ ಹಾಗೇ ಮಾಡಿದಳು. ಅಂದುಕೊಂಡಷ್ಟು ಸುಲಭವಲ್ಲ ಅದು. ಎರಡು ವರ್ಷ ಬೇಕಾಯಿತಂತೆ. ಆಮೇಲೆ ಏನು ಓದಿದರೂ ಕಣ್ಣಿಂದ ಬಾಯಿಗೆ ನೇರ ದಾರಿ, ನಡುವೆ ಮನಸ್ಸು ಅನ್ನುವ ಊರೇ ಇಲ್ಲ.

ನಮ್ಮನ್ನು ಸಾಕಿದ ಸೋದರಮಾವ ತೀರಿಕೊಂಡಾಗ ಅವರ ಮಗನಿಂದ ಕಾಗದ ಬಂತು. ನನಗೆ ಕನ್ನಡಕ ಸಿಗಲಿಲ್ಲ, ಅಕ್ಕನ ಕೈಗೆ ಕೊಟ್ಟೆ. ಓದಿದಳು. 'ಅಪ್ಪ ಮಂಗಳವಾರ ಬೆಳಿಗ್ಗೆ ಹೋದರು ಫುಲ್‌ಸ್ಟಾಪ್ ಕೊನೆಯವರೆಗೂ ನಿಮ್ಮಿಬ್ಬರನ್ನೂ ಕೇಳುತ್ತಿದ್ದರು ಫುಲ್‌ಸ್ಟಾಪ್.' ನಾನು ಸೆರಗು ಬಾಯಿಗೆ ಒತ್ತಿಕೊಂಡು ಕೂತೆ. ಅಕ್ಕ ಕಾಗದ ಮಡಿಸಿ ನನ್ನನ್ನೇ ಕೇಳಿದಳು, 'ಏನಂತೆ?' ಹೇಳಿದೆ. 'ಹೌದಾ' ಅಂದಳು. ಕಾಗದವನ್ನು ಬೀರುವಿನಲ್ಲಿಟ್ಟು ಬಂದಳು. ಕಲ್ಲು ಅನ್ನಬೇಡ ಅವಳನ್ನು. ನನ್ನ ಹೆರಿಗೆಗಳಿಗೆಲ್ಲ ರಜೆ ಹಾಕಿ ಬಂದವಳು ಅವಳೇ.

ಎಲ್ಲಿಗೋ ಹೋದೆ. ಉಪ್ಪಿನ ವಿಷಯ ಹೇಳಬೇಕು.

ಮನೆಮನೆಗೆ ಹೋಗಿ ಬಾಣಂತಿ, ಮಕ್ಕಳನ್ನು ನೋಡುವ ಆರೋಗ್ಯ ಕೆಲಸದ ಹೆಂಗಸರಿದ್ದಾರಲ್ಲ, ಅವರಿಗೆಂದು ಒಂದು ಕೈಪಿಡಿ ಅಚ್ಚಾಯಿತು. ದೊಡ್ಡ ಡಾಕ್ಟರೊಬ್ಬರು ಬರೆದದ್ದು. ಇನ್ನೂರು ಕೇಂದ್ರಗಳಿಗೆ ಹೋಗುವ ಪುಸ್ತಕ. ಅಕ್ಕ, ಪೆನ್ಸಿಲ್ ಮಾಮ ಅದನ್ನು ಮೂರು ಸಲ ಓದಿ ನೋಡಿದರು. ಅಚ್ಚಾಗಿ ಬಂದಾಗ ಪ್ರತಿಗೂ ಪುಸ್ತಕಕ್ಕೂ ಒಂದೇ ಒಂದು ಅಕ್ಷರದ ವ್ಯತ್ಯಾಸವಿಲ್ಲ. ಮ್ಯಾನೇಜರು ಎಲ್ಲರೆದುರು ಹೊಗಳಿ ಇಬ್ಬರಿಗೂ ಒಂದೊಂದು ಪುಸ್ತಕ ಕೊಟ್ಟರು. ಅಕ್ಕ ಅದನ್ನು ತಂದು ನಮ್ಮ ಮನೆಯಲ್ಲಿಟ್ಟಳು, 'ಮಕ್ಕಳ ಮನೆ, ಇರಲಿ' ಎಂದು.

ನಾಲ್ಕು ತಿಂಗಳಾದ ಮೇಲೆ ನನ್ನ ಕಿರಿಮಗನಿಗೆ, ನಿನ್ನ ಚಿಕ್ಕಪ್ಪನಿಗೆ, ಭೇದಿ ಹಿಡಿಯಿತು. ಈಗ ಹೊಟ್ಟೆ ಮುಂದೆ, ಆಳು ಹಿಂದೆ ನಡೆಯುತ್ತಾನಲ್ಲ, ಆಗ ಒಂದೂವರೆ ವರ್ಷದ ಕಡ್ಡಿ. ಕಣ್ಣು ಗುಳಿಬಿದ್ದಿತ್ತು. ಅಕ್ಕ ಅಂದು ಮನೆಯಲ್ಲೇ ಇದ್ದಳು. ಉಪ್ಪು ಸಕ್ಕರೆಯ ನೀರು ಕುಡಿಸಬೇಕು ಅನ್ನುವುದು ಗೊತ್ತಿತ್ತು, ಅಳತೆ ಗೊತ್ತಿರಲಿಲ್ಲ. ಕುದಿಸಿ ಆರಿಸಿದ ಒಂದು ಲೀಟರ್ ನೀರು ಪಾತ್ರೆಯಲ್ಲಿಟ್ಟುಕೊಂಡು 'ಪುಸ್ತಕ ನೋಡಿ ಹೇಳೇ' ಅಂದೆ.

'ಉಪ್ಪು ಕಾಮಾ ಆರು ಟೀ ಚಮಚ. ಸಕ್ಕರೆ ಕಾಮಾ ಅರ್ಧ ಟೀ ಚಮಚ.'

ಒಂದು ಹಾಕಿದೆ. ಎರಡು ಹಾಕಿದೆ. ಮೂರನೆಯದಕ್ಕೆ ಕೈ ನಿಂತಿತು.

'ಅಕ್ಕಾ, ಇದು ಮಗೂಗಾ, ಚರ್ಮ ಹದ ಮಾಡೋಕಾ?'

'ಹಾಗೇ ಇದೆ.'

'ಸರಿಯಾಗಿ ನೋಡೇ.'

'ನೋಡೋದೇನು? ನಾನೇ ಓದಿದ್ದು' ಎಂದು ಮತ್ತೆ ಓದಿದಳು, ಅದೇ ರಾಟೆ ದನಿಯಲ್ಲಿ. ಅರ್ಧಕ್ಕೆ ನಿಂತಳು. ಅವಳು ಒಂದು ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿದ್ದು ನಾನು ಅದೇ ಮೊದಲು ನೋಡಿದ್ದು. ಉಪ್ಪಿನ ಅಳತೆ ಸಕ್ಕರೆಗೆ, ಸಕ್ಕರೆಯದು ಉಪ್ಪಿಗೆ ಹೋಗಿತ್ತು. ನಾನು ಆ ನೀರು ಚೆಲ್ಲಿ, ಆರು ಚಮಚ ಸಕ್ಕರೆ ಅರ್ಧ ಚಮಚ ಉಪ್ಪು ಬೆರೆಸಿ ಕೂಸಿಗೆ ಕುಡಿಸಿದೆ. ಸಂಜೆಗೆ ಕಣ್ಣು ಬಿಟ್ಟ. ಅಕ್ಕ ಅಲ್ಲಿಯವರೆಗೂ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಹಾಗೇ ಕೂತಿದ್ದಳು.

'ಯಾರಿಗಾದ್ರೂ ಕುಡಿಸಿರ್ತಾರಾ?' ಅಂದಳು.

ನಾನು ಪಾತ್ರೆ ತೊಳೆಯಲು ಎದ್ದೆ.

ಮರುದಿನ ಪೆನ್ಸಿಲ್ ಮಾಮ ಗಡಿಬಿಡಿಯಿಂದ ಹಳೇ ಪ್ರತಿ ತೆಗೆದು ನೋಡಿದರು. ಅದರಲ್ಲೂ ಆರು ಚಮಚ ಉಪ್ಪು. ಉಸಿರು ಬಿಟ್ಟು ನಕ್ಕರಂತೆ. 'ಸದ್ಯ, ನಮ್ಮ ತಪ್ಪಲ್ಲ.' ಮ್ಯಾನೇಜರು, 'ಡಾಕ್ಟರ ಸಹಿ ಇದೆ, ಇನ್ನೇನು?' ಅಂದರು. ಅಕ್ಕ ರಜೆ ಹಾಕಿ ಡಾಕ್ಟರ ಕಚೇರಿಗೇ ಹೋದಳು. ಡಾಕ್ಟರು ಸಿಗಲಿಲ್ಲ, ಗುಮಾಸ್ತರು ಸಿಕ್ಕರು.

'ಮೂರು ಜನ ತಜ್ಞರು ನೋಡಿರೋ ಪುಸ್ತಕ ಅಮ್ಮಾ ಇದು. ನೀವೇನು ಓದಿದ್ದೀರಿ?'

'ನಿಮ್ಮ ಪುಸ್ತಕಾನೇ ಮೂರು ಸಲ ಓದಿದ್ದೀನಿ.'

'ಅರ್ಜಿ ಬರೆದಿಟ್ಟು ಹೋಗಿ' ಅಂದರು. ಬರೆದಿಟ್ಟಳು. ಒಂದು ತಿಂಗಳಿಗೆ ಒಂದು ಸಾಲಿನ ಉತ್ತರ ಬಂತು, ಪರಿಶೀಲಿಸಲಾಗುವುದು.

ಅಕ್ಕ ಊಟ ಮಾಡುತ್ತಿದ್ದಳು, ಮಲಗುತ್ತಿದ್ದಳು, ಕೆಲಸಕ್ಕೆ ಹೋಗುತ್ತಿದ್ದಳು. ಅಳಲಿಲ್ಲ, ಸಿಟ್ಟಾಗಲಿಲ್ಲ. ಎರಡು ದಿನಕ್ಕೊಮ್ಮೆ ಮಾತ್ರ, ತರಕಾರಿಯ ಬೆಲೆ ಕೇಳುವ ದನಿಯಲ್ಲಿ, 'ಯಾರಿಗಾದ್ರೂ ಕುಡಿಸಿರ್ತಾರಾ?' ನನಗೆ ತಡೆಯಲಾಗಲಿಲ್ಲ. 'ನನ್ನ ತಲೆ ತಿನ್ನಬೇಡ, ನಡಿ, ಹೋಗಿ ಕೇಳೇ ಬಿಡೋಣ' ಎಂದು ಒಂದು ಶನಿವಾರ ಬಸ್ಸು ಹತ್ತಿಸಿದೆ.

ಹತ್ತಿರದ ಆರೋಗ್ಯ ಕೇಂದ್ರ ಎರಡು ಕೋಣೆಯದು. ಹೊರಗಿನ ಬೆಂಚಿನ ಮೇಲೆ ಆರೋಗ್ಯ ಕೆಲಸದ ನಾಲ್ಕೈದು ಹೆಂಗಸರು ಹತ್ತಿ ಸುತ್ತುತ್ತಾ ಕೂತಿದ್ದರು. ದಪ್ಪನೆಯ ದಾದಿಯೊಬ್ಬಳು ಎಲ್ಲರಿಗೂ ಹಿರಿಯಳು. ಅಕ್ಕ ಪುಸ್ತಕ ತೆಗೆದು ಆ ಪುಟ ಓದಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ಕಿಸಕ್ಕನೆ ನಕ್ಕರು.

'ಆರು ಚಮಚಾನಾ? ಅತ್ತೆಗೆ ಬೇಕಾದ್ರೆ ಕೊಡೋಣ' ಅಂದಳು ಒಬ್ಬಳು.

'ಪುಸ್ತಕ ನೋಡ್ಕೊಂಡು ಯಾರಮ್ಮಾ ಬೆರೆಸ್ತಾರೆ?' ಅಂದಳು ದಾದಿ. 'ನಂಗೆ ಹಳೇ ದಾದಿ ಹೇಳಿಕೊಟ್ಲು, ಇವ್ರಿಗೆ ನಾನು ಹೇಳಿಕೊಟ್ಟೆ. ಬೆರೆಸಿದ್ಮೇಲೆ ಮೊದ್ಲು ನೀನು ನೆಕ್ಕಿ ನೋಡು, ಕಣ್ಣೀರಿಗಿಂತ ಉಪ್ಪಾಗಿದ್ರೆ ಚೆಲ್ಲು ಅಂತ. ಅಷ್ಟೇ.'

'ಪುಸ್ತಕ ಬಂದಿಲ್ವಾ?'

'ಬರ್ದೇ ಏನು?' ಎಂದು ಒಳಗೆ ಕರೆದೊಯ್ದಳು. ಮಕ್ಕಳನ್ನು ತೂಗುವ ತಕ್ಕಡಿಯ ಮೇಜಿಗೆ ಒಂದು ಕಾಲು ಗಿಡ್ಡ. ಅದರ ಅಡಿಗೆ ಪುಸ್ತಕದ ಕಟ್ಟು ಇಟ್ಟಿದ್ದರು.

ನನಗಂತೂ ಹೋದ ಜೀವ ಬಂದ ಹಾಗಾಯಿತು. ಅಕ್ಕ ಮಂಡಿಯೂರಿ ಆ ಕಟ್ಟನ್ನೇ ನೋಡುತ್ತಿದ್ದಳು. ಮೂರು ಸಲ ಓದಿದ ಪುಸ್ತಕ. ಯಾರೂ ತೆರೆಯದೇ ಇದ್ದದ್ದರಿಂದ ಉಳಿದೆವು. ಇದಕ್ಕೆ ಸಂತೋಷಪಡಬೇಕೋ ನೊಂದುಕೊಳ್ಳಬೇಕೋ, ಅವಳ ಮುಖದಲ್ಲಿ ಎರಡೂ ಇರಲಿಲ್ಲ. ಸುಮ್ಮನೆ ಬೆರಳಿಟ್ಟು ಪುಸ್ತಕದ ಬೆನ್ನುಗಳನ್ನು ಎಣಿಸಿದಳು.

'ಇಪ್ಪತ್ತರ ಕಟ್ಟು. ಹತ್ತೊಂಬತ್ತಿದೆ.'

ದಾದಿ ತಕ್ಕಡಿಯ ತಟ್ಟೆ ಒರೆಸತೊಡಗಿದಳು. 'ಹೊಸಬಳು ಒಬ್ಳು ತಗೊಂಡ್ಲು. ಓದೋ ಹುಡುಗಿ. ಆಚೆ ಉಗ್ರಾಣದಲ್ಲಿದ್ದಾಳೆ.'

ಹುಡುಗಿಗೆ ಇಪ್ಪತ್ತು ವರ್ಷವಿರಬಹುದು. ಬಾಟಲಿಗಳಿಗೆ ಚೀಟಿ ಅಂಟಿಸುತ್ತಿದ್ದಳು. ಅಕ್ಕ ಕೇಳಿದ್ದಕ್ಕೆ ತಲೆಯೆತ್ತದೆ ಹೇಳಿದಳು. ಗುಡ್ಡದಾಚೆಯ ಕಾಲೋನಿಯಲ್ಲಿ ಹತ್ತು ತಿಂಗಳ ಒಂದು ಹೆಣ್ಣು ಕೂಸಿಗೆ ಕುಡಿಸಿದ್ದಳು. ಕೂಸು ಉಗುಳಿತು. ತಾಯಿ ಬೇಡ ಅಂದರೂ ಪುಸ್ತಕದಲ್ಲಿದೆ ಎಂದು ಹೇಳಿ, ತಾನೇ ಕೂತು ಚಮಚದಲ್ಲಿ ಕುಡಿಸಿದ್ದಳು. ಒಂಬತ್ತು ದಿನ ದೊಡ್ಡ ಆಸ್ಪತ್ರೆಯಲ್ಲಿತ್ತು ಕೂಸು. ಬದುಕಿತು. ಆ ಕಾಲೋನಿಯಲ್ಲಿ ಇವಳಿಗೆ ಯಾರೂ ಬಾಗಿಲು ತೆರೆಯಲಿಲ್ಲ, ಅದಕ್ಕೇ ಉಗ್ರಾಣದ ಕೆಲಸಕ್ಕೆ ಹಾಕಿದ್ದರು.

'ನಾನೇ ಎಣಿಸೋದ್ರಲ್ಲಿ ತಪ್ಪಿರ್ಬೇಕು' ಅಂದಳು.

'ಎಷ್ಟು ಹಾಕ್ದೆ?'

'ಆರೇ ಹಾಕಿದ್ದು. ಏಳಾಗಿತ್ತೋ ಏನೋ.'

'ಆರೇ ತಪ್ಪು, ಪುಟ್ಟಿ. ಪುಸ್ತಕ ತಪ್ಪು.'

'ಅಚ್ಚಾಗಿದ್ಯಲ್ಲಮ್ಮಾ.'

ಅಕ್ಕ ಎದ್ದು ಹೂಜಿಯಿಂದ ಒಂದು ಲೀಟರ್ ನೀರು ಅಳೆದಳು. ಹುಡುಗಿಯ ಕೈಯಿಂದಲೇ ಆರು ಚಮಚ ಉಪ್ಪು, ಅರ್ಧ ಚಮಚ ಸಕ್ಕರೆ ಹಾಕಿಸಿದಳು. ಒಂದೊಂದಕ್ಕೂ ಗಟ್ಟಿಯಾಗಿ ಲೆಕ್ಕ ಹೇಳಿಸಿದಳು. 'ಕುಡಿ ಈಗ.' ಹುಡುಗಿ ಒಂದು ಗುಟುಕು ಕುಡಿದು ಬಾಗಿಲಿಗೆ ಓಡಿ ಉಗುಳಿದಳು. ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತಳು. ನನಗೂ ಕಣ್ಣು ತುಂಬಿತು. ಅಕ್ಕ ಲೋಟ ತೊಳೆದಿಟ್ಟಳು.

ಕೇಂದ್ರದ ಅಧಿಕಾರಿಗೆ ಅಕ್ಕ ಒಂದು ಕಾಗದ ಬರೆದಳು. ಹುಡುಗಿಯ ಕೈ ತಪ್ಪಲ್ಲ, ಪುಸ್ತಕದ ಪುಟ ತಪ್ಪು, ಅದನ್ನು ಮೂರು ಸಲ ಓದಿ ಬಿಟ್ಟವಳು ನಾನು. ಕೆಳಗೆ ಸಹಿ. ಅಧಿಕಾರಿ ಓದಿ, 'ನೀವು ಯಾವ ಹುದ್ದೆ?' ಅಂದರು. 'ಗಟ್ಟಿಯಾಗಿ ಓದೋದು' ಅಂದಳು. ಅವರು ಕಾಗದವನ್ನು ಕಡತಕ್ಕೆ ಸೇರಿಸಿದರು. ಅದು ಈಗಲೂ ಅಲ್ಲೇ ಇರಬೇಕು.

ಆಮೇಲೆ ಪ್ರತಿ ಭಾನುವಾರ ಅಕ್ಕ ಬಸ್ಸು ಹತ್ತಿ ಆ ಹುಡುಗಿಯ ಜೊತೆ ಕಾಲೋನಿಗೆ ಹೋಗತೊಡಗಿದಳು. ಮೊದಲ ಎರಡು ವಾರ ಯಾರೂ ಬಾಗಿಲು ತೆರೆಯಲಿಲ್ಲ. ಮೂರನೇ ವಾರ ನಾನೂ ಹೋಗಿದ್ದೆ. ಆ ಕೂಸಿನ ತಾಯಿಯೇ ಹೊರಗೆ ಬಂದಳು, ಸೊಂಟದ ಮೇಲೆ ಕೂಸು.

'ಮತ್ತೆ ಬಂದ್ಯಾ ಮಹಾರಾಯ್ತಿ? ಇವತ್ತು ಯಾವ ಪುಸ್ತಕ?'

'ಪುಸ್ತಕ ತಂದಿಲ್ಲಕ್ಕಾ' ಅಂದಳು ಹುಡುಗಿ. ಅಂಗಳದಲ್ಲೇ ನೀರು ಬೆರೆಸಿದಳು. ಅರ್ಧ ಉಪ್ಪು, ಆರು ಸಕ್ಕರೆ. ಮೊದಲು ತಾನು ಕುಡಿದಳು, ಆಮೇಲೆ ಅಕ್ಕ ಒಂದು ಲೋಟ ಪೂರ್ತಿ ಕುಡಿದಳು. ಅಕ್ಕಪಕ್ಕದ ಹೆಂಗಸರು ಬಾಗಿಲ ಸಂದಿಯಿಂದ ಅವಳ ಮುಖವನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು ಆ ತಾಯಿ ಕೈ ಚಾಚಿದಳು. ಒಂದು ಹನಿ ನಾಲಿಗೆಗೆ ಹಚ್ಚಿ ನೋಡಿದಳು. ಇನ್ನೊಂದು ಗುಟುಕು ಕುಡಿದಳು. 'ಇದು ಸರಿ ಇದೆ' ಎಂದು ಪಕ್ಕದವಳಿಗೆ ಲೋಟ ದಾಟಿಸಿದಳು.

ಅಂದು ಏಳು ಮನೆ ಆಯಿತು. ಏಳು ಮನೆಯಲ್ಲೂ ಅಕ್ಕ ಮೊದಲು ಕುಡಿದಳು. ಬಸ್ಸಿಗೆ ಕಾಯುವಾಗ ಕೇಳಿದೆ, 'ಹೇಗಿತ್ತೇ ರುಚಿ? ಸರಿಯಾಗಿ ಬೆರೆಸ್ತಾಳಾ?'

'ಗೊತ್ತಾಗಲ್ಲ ಕಣೇ, ಓದಿದ ಹಾಗೇ, ಸುಮ್ನೆ ಒಳಗೆ ಹೋಗುತ್ತೆ' ಅಂದಳು ಅಕ್ಕ. 'ಅವ್ರು ಸರಿ ಇದೆ ಅಂದ್ರಲ್ಲ.'