ಐದನೇ ಭಾಗದಲ್ಲಿ ಅವನು ಹೊಡೆದಾಡಲೇ ಇಲ್ಲ

ಆ ಇಂಗ್ಲಿಷ್ ಬಾಕ್ಸಿಂಗ್ ಸಿನಿಮಾದ ಐದನೇ ಭಾಗ ತೆಗೆದವರು ಈಗ ಕೈಗೆ ಸಿಕ್ಕರೂ ನಾನು ಸುಮ್ಮನೆ ಬಿಡುವವಳಲ್ಲ. ಮೊದಲ ನಾಲ್ಕು ಭಾಗಗಳಲ್ಲಿ ಆ ಬಾಕ್ಸರ್ ಮೂಗು ಒಡೆಸಿಕೊಂಡು, ಕಣ್ಣು ಬಾತು, ಇನ್ನೇನು ಮುಗಿಯಿತು ಎನ್ನುವಾಗ ಎದ್ದು ಗೆಲ್ಲುತ್ತಿದ್ದ. ನಾವು ನೋಡುತ್ತಿದ್ದದ್ದೇ ಅದಕ್ಕೆ. ಐದನೆಯದರಲ್ಲಿ ಕೋಟು ಹಾಕಿಕೊಂಡು ಕುರ್ಚಿಯ ಮೇಲೆ ಕೂತುಬಿಟ್ಟ, ಮಹಾನುಭಾವ.

ನಾವು ಅಂದರೆ ಹಳಿಯಾಳದ ಒಂದು ಗರಡಿಯ ಏಳೆಂಟು ಪೈಲ್ವಾನರು, ಅವರಿಗೆ ಕುಸ್ತಿ ಕಲಿಸುವ ವಸ್ತಾದರು, ನನ್ನ ಅಣ್ಣ ಮತ್ತು ನಾನು. ತೊಂಬತ್ತರ ದಶಕದ ಶುರುವಿನ ಮಾತು. ದಾಂಡೇಲಿಯ ಬಂಗೂರನಗರದಲ್ಲಿ ಸೋದರಮಾವನ ಪೇಪರ್ ಮಿಲ್ ಕ್ವಾರ್ಟರ್ಸ್ ಇತ್ತು. ನಾನು ಅಲ್ಲೇ ಉಳಿದು ಕಾಲೇಜಿಗೆ ಹೋಗುತ್ತಿದ್ದೆ. ಹೊಸ ಭಾಗದ ಕ್ಯಾಸೆಟ್ ಬಂತೆಂದರೆ ಮಾವ ವಿಸಿಆರ್ ಬಾಡಿಗೆಗೆ ತರುತ್ತಿದ್ದರು. ಭಾನುವಾರ ಮಧ್ಯಾಹ್ನ ಪೈಲ್ವಾನರು ಬಸ್ಸಿನಿಂದ ಇಳಿದು ಬಂದರೆ ನಡುಮನೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಇಂಗ್ಲಿಷ್ ಬರುತ್ತಿದ್ದದ್ದು ನನಗೊಬ್ಬಳಿಗೆ, ಅದೂ ಅಷ್ಟಕ್ಕಷ್ಟೆ. ಟಿವಿಯ ಪಕ್ಕ ನಿಂತು, ಯಾರು ಏನೆಂದರು ಎಂದು ಹೇಳುವುದು ನನ್ನ ಕೆಲಸವಾಗಿತ್ತು.

ಅಣ್ಣ ಹಿಂದಿನ ವರ್ಷ ಕುಸ್ತಿಯಲ್ಲಿ ಕುತ್ತಿಗೆಯ ಮೇಲೆ ಬಿದ್ದಿದ್ದ. ಹುಬ್ಬಳ್ಳಿಯ ಡಾಕ್ಟರು, ಇನ್ನೊಮ್ಮೆ ಹೀಗೆ ಬಿದ್ದರೆ ಕೈಕಾಲು ಆಡುವುದಿಲ್ಲ ಎಂದು ಹೇಳಿ ಕಳಿಸಿದರು. ಆ ಮಾತು ಕೇಳಿಸಿಕೊಂಡವರು ನಾವಿಬ್ಬರೇ. ಪೈಲ್ವಾನರು ನೋವನ್ನು ಹೊರಗೆ ಹೇಳುವುದಿಲ್ಲ. ಗರಡಿಯಲ್ಲಿ ಬರೀ ಉಳುಕು ಎಂದಿದ್ದೆವು. ಅಂದಿನಿಂದ ಅಣ್ಣ ಗರಡಿಯ ಓಣಿ ತಪ್ಪಿಸಿ ಸುತ್ತು ಹಾಕಿ ಓಡಾಡುತ್ತಿದ್ದ. ಅವನ ಸಪ್ಪೆ ಮೋರೆ ನನ್ನಿಂದ ನೋಡಲಾಗುತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಪೈಲ್ವಾನನ ತಂಗಿ ಎಂದು ಪೇಟೆಯಲ್ಲಿ ಸಿಗುತ್ತಿದ್ದ ಮರ್ಯಾದೆ ಹೋದದ್ದೂ ನನಗೆ ಉರಿಯುತ್ತಿತ್ತು. ಹೋಳಿ ಮುಗಿದ ಮೇಲಿನ ಕುಸ್ತಿಗೆ ಜೋಡಿ ಹಚ್ಚುವ, ಅಂದರೆ ಯಾರಿಗೆ ಯಾರು ಎದುರಾಳಿ ಎಂದು ಗೊತ್ತುಮಾಡುವ, ಹೊತ್ತು ಬಂದಿತ್ತು. ಈ ಸಲ ಇಳಿಯುತ್ತೀಯಾ ಎಂದು ವಸ್ತಾದರು ಕೇಳಿದಾಗ ಅಣ್ಣ, ಐದನೇ ಭಾಗ ನೋಡಿ ಹೇಳುತ್ತೇನೆ ಎಂದು ನಕ್ಕಿದ್ದ. ಅದು ತಮಾಷೆಯಲ್ಲ ಎಂದು ನನಗೆ ಗೊತ್ತಿತ್ತು.

ಸಿನಿಮಾ ಶುರುವಾಗಿ ಹತ್ತು ನಿಮಿಷಕ್ಕೇ ಒಬ್ಬ ಡಾಕ್ಟರ್ ಎಕ್ಸ್‌ರೇ ಹಿಡಿದು ಕೂತ. ಇನ್ನು ರಿಂಗಿಗೆ ಇಳಿದರೆ ಸಾಯುತ್ತೀ ಎಂದು ಬಾಕ್ಸರನಿಗೆ ಹೇಳಿದ. ಅಷ್ಟು ಇಂಗ್ಲಿಷ್ ನನಗೆ ಚೆನ್ನಾಗಿಯೇ ತಿಳಿಯಿತು. ಎಲ್ಲಿಲ್ಲದ ಸಿಟ್ಟು ಬಂತು. ಇಷ್ಟೊಂದು ಕಥೆಗಳಿರುವಾಗ ಇವರಿಗೆ ಇದೇ ಬೇಕಿತ್ತೇ?

“ಏನಂದ ತಂಗಿ ಅಂವ?” ಎಂದು ವಸ್ತಾದರು ಕೇಳಿದರು.

“ಆರು ತಿಂಗಳ ಆರಾಮ ತಗೋ, ಆಮ್ಯಾಲ ಆಡು ಅಂದಾನ್ರಿ,” ಎಂದೆ.

ಆ ಸುಳ್ಳನ್ನು ಸಿನಿಮಾ ಮುಗಿಯುವವರೆಗೂ ಸಾಕಬೇಕಾಯಿತು. ಹಾಳಾದವನು ರಿಂಗಿಗೆ ಇಳಿಯಲೇ ಇಲ್ಲ. ಬೋಳುತಲೆಯ ಶಿಷ್ಯನೊಬ್ಬನನ್ನು ಕಟ್ಟಿಕೊಂಡು ಹೊರಗಿನಿಂದ ಕೂಗಿದ. ಆರು ತಿಂಗಳಾಯಿತಲ್ಲ, ಇನ್ನೂ ಯಾಕೆ ಇಳಿಯುತ್ತಿಲ್ಲ ಎಂದು ಪೈಲ್ವಾನರು ನನ್ನ ಜೀವ ತಿಂದರು. ಸರಿಯಾದ ಜೋಡಿ ಸಿಕ್ಕಿಲ್ಲವಂತೆ ಎಂದೆ. ಜೋಡಿ ಸಿಗದೆ ಕೂತ ಪೈಲ್ವಾನನ ಸಂಕಟ ಅವರಿಗೆ ಗೊತ್ತು, ಒಪ್ಪಿಕೊಂಡು ಕಾದರು. ಕೊನೆಗೆ ಶಿಷ್ಯ ಗೆದ್ದ, ಇವನು ಚಪ್ಪಾಳೆ ತಟ್ಟಿದ, ಸಿನಿಮಾ ಮುಗಿಯಿತು.

ಟಿವಿ ಆರಿಸಿದ ಮೇಲೆ ವಸ್ತಾದರು ಅಣ್ಣನ ಮುಂದೆ ಬಲಗೈ ಚಾಚಿದರು. ಜೋಡಿ ಹಚ್ಚುವಾಗ ಹಾಗೆ ಚಾಚಿದ ಕೈಯಲ್ಲಿ ಕೈಯಿಟ್ಟರೆ ಮಾತು ಮುಗಿಯಿತು, ಆಮೇಲೆ ಏನೇ ಆದರೂ ಹಿಂದೆ ಸರಿಯುವಂತಿಲ್ಲ. ಕೊಡು, ಕೈ ಕೊಡು ಎಂದು ನಾನು ಮನಸ್ಸಿನಲ್ಲೇ ಅಣ್ಣನನ್ನು ನೂಕುತ್ತಿದ್ದೆ. ಅವನು ಆ ಕೈ ಮುಟ್ಟಲಿಲ್ಲ. ಬಗ್ಗಿ ವಸ್ತಾದರ ಕಾಲು ಮುಟ್ಟಿ ನಮಸ್ಕಾರ ಮಾಡಿದ. ವಸ್ತಾದರು ಕೈ ಹಿಂದಕ್ಕೆ ತೆಗೆದುಕೊಂಡು ಅವನ ತಲೆ ಸವರಿದರು.

ಬಸ್ ಸ್ಟ್ಯಾಂಡಿನವರೆಗೂ ನಾನು ಆ ಬಾಕ್ಸರನನ್ನು ಬೈಯುತ್ತಲೇ ಹೋದೆ. ಹೇಡಿ ಎಂದೆ, ನಾಲ್ಕು ಭಾಗದ ಮಾನ ಕಳೆದ ಎಂದೆ. ಯಾರಿಗೆ ಹೇಳುತ್ತಿದ್ದೇನೆಂದು ಅಣ್ಣನಿಗೆ ತಿಳಿಯದೇ ಇರುತ್ತದೆಯೇ? ಉಳಿದವರೆಲ್ಲ ಬಸ್ಸು ಹತ್ತಿದ ಮೇಲೆ ಅವನು ನನ್ನ ಹತ್ತಿರ ಬಂದ.

“ಡಾಕ್ಟರ್ ಏನಂದ ಅನ್ನೂದು ನನಗ ತಿಳೀತು,” ಎಂದ. “ಆ ಬಾಕ್ಸರನ ಹೇಣ್ತಿ ಅಲ್ಲೇ ಕುಂತು ಅತ್ತಳು. ಹುಬ್ಬಳ್ಳಿಗೆ ನನ್ನ ಸಂಗಾಟ ನೀ ಬಂದಿದ್ದಿ. ನೀ ಆರು ತಿಂಗಳ ಅಂದಿ.”

ಬೈದಿದ್ದರೆ ನಾನೂ ಬೈಯುತ್ತಿದ್ದೆ. ಅವನು ಬೈಯಲಿಲ್ಲ. ಕಂಡಕ್ಟರ್ ಹಿಂದಿನಿಂದ ಕೂಗಿದಾಗ, ಕುತ್ತಿಗೆ ಹೊರಳದ ಕಾರಣ ಇಡೀ ಮೈಯನ್ನೇ ತಿರುಗಿಸಿ ನೋಡಿ, ನಿಧಾನಕ್ಕೆ ಬಸ್ಸು ಹತ್ತಿದ.