ಹ್ಯಾಟಿನ ಅಂಚು ಹೊಲಿಯುವ ಖಲೀಲ್ ಸಾಬರು
ತಿಪಟೂರಿನ ಕೊಬ್ಬರಿ ಮಂಡಿ ಹಿಂದಿನ ಗಲ್ಲಿಯಲ್ಲಿ ಹಳೇ ಹ್ಯಾಟು ರಿಪೇರಿ ಮಾಡುವ ಖಲೀಲ್ ಸಾಬರಿಗೆ ಗಿರಾಕಿಯ ಮುಖ ನೆನಪಿರುವುದಿಲ್ಲ, ಹ್ಯಾಟಿನ ರಿಬ್ಬನ್ನು ಮಾತ್ರ ಮರೆಯುವುದಿಲ್ಲ. ಹೊನ್ನವಳ್ಳಿ ಮೇಷ್ಟ್ರ ರಿಬ್ಬನ್ನಿನ ಗಂಟು ಎಡಗಿವಿಯ ಮೇಲೆ ಬರಬೇಕು. ಹಂದನಕೆರೆ ಚಿಕ್ಕರಂಗಪ್ಪನವರ ರಿಬ್ಬನ್ನಿಗೊಂದು ಸಣ್ಣ ದಾರ, ಅದರ ತುದಿಗೊಂದು ಗುಂಡಿ, ಗಾಳಿಗೆ ಹ್ಯಾಟು ಹಾರದ ಹಾಗೆ ಕೋಟಿಗೆ ಸಿಕ್ಕಿಸಿಕೊಳ್ಳಲು. ಚಿಕ್ಕರಂಗಪ್ಪನವರು ಎದುರಿಗೇ ನಿಂತರೂ "ಯಾರು ಸ್ವಾಮಿ?" ಎಂದು ಕೇಳಿ, ಗುಂಡಿ ಕಂಡ ಮೇಲೆ ಕುರ್ಚಿ ಕೊಟ್ಟದ್ದುಂಟು. ಅಂಚಿಗೆ ಹೊಸ ಪಟ್ಟಿ ಹಾಕಿದಾಗಲೆಲ್ಲ ಕೊನೆಯ ಎರಡು ಬೆರಳಷ್ಟನ್ನು ಹೊಲಿಯದೆ ಬಿಡುವುದು ಸಾಬರಿಗೆ ಅಪ್ಪನಿಂದ ಬಂದ ಪದ್ಧತಿ. ಯಾರಾದರೂ ರೇಗಿದರೆ, "ಇದನ್ನ ಹೊಲಿಸೋಕೆ ನೀವು ಇನ್ನೊಂದ್ಸಲ ಬರ್ಬೇಕಲ್ಲ ಸ್ವಾಮಿ, ಅದಕ್ಕೇ ಬುಟ್ಟಿದೀನಿ" ಎನ್ನುತ್ತಾರೆ. ಹ್ಯಾಟಿನ ಯಜಮಾನರು ತೀರಿಕೊಂಡು, ತಿಥಿಯ ದಿನ ಫೋಟೋದ ಪಕ್ಕ ಇಡಲೆಂದು ಮನೆಯವರು ಅದನ್ನು ತಂದಾಗ, ಏನೂ ಕೇಳದೆ, ತಲೆ ಎತ್ತದೆ, ಆ ಎರಡು ಬೆರಳಷ್ಟು ಜಾಗವನ್ನು ಹೊಲಿದು ಮುಚ್ಚುತ್ತಾರೆ. ಈ ವರ್ಷ ಬಂದದ್ದೆಲ್ಲ ಅಂಥ ಹ್ಯಾಟುಗಳೇ. ಗುಂಡಿಯದೂ ಬಂತು. ಮೊನ್ನೆ ಮಧ್ಯಾಹ್ನ ಸಾಬರು ತುಮಕೂರಿನ ಆಸ್ಪತ್ರೆಯಿಂದ ಒಬ್ಬರೇ ವಾಪಸು ಬಂದಾಗ ಹೆಂಡತಿ ನೂರ್‌ಜಾನ್, "ಡಾಕ್ಟ್ರು ಏನಂದ್ರು?" ಎಂದು ಕೇಳಿದರು. ಸಾಬರು ಮೊಳೆಗೆ ತೂಗುಹಾಕಿದ್ದ ತಮ್ಮದೇ ಬೂದು ಹ್ಯಾಟನ್ನು ಇಳಿಸಿ, ಅಂಚಿನಲ್ಲಿ ಹೊಲಿಯದೆ ಬಿಟ್ಟಿದ್ದ ಜಾಗವನ್ನು ಬೆರಳಲ್ಲಿ ಸವರಿ, "ಸೂಜಿಗೆ ದಾರ ಪೋಣಿಸ್ಕೊಡು" ಎಂದರು. ಸೂಜಿಯ ಕಣ್ಣು ಕಾಣುತ್ತಿಲ್ಲವೆಂದು ನೂರ್‌ಜಾನ್ ಸಂಜೆಯವರೆಗೂ ಸುಳ್ಳು ಹೇಳಿದರು.